ಬಲೆಯ ಕಣ್ಣು

ಒಂದಾನೊಂದು ಕಾಲದಲ್ಲಿ, ಅಂದರೆ ಆಟ ಆಡುವುದಕ್ಕೂ ಸಂಬಳ ಕೊಡುವ ಹೊಸ ಚಾಳಿ ಶುರುವಾದ ಕಾಲದಲ್ಲಿ, ಸರೋವರ ಹೆಪ್ಪುಗಟ್ಟಿ ಅರ್ಧ ವರ್ಷ ನೀರಿನ ಮೇಲೆ ಕುದುರೆ ಓಡುತ್ತಿದ್ದ ಒಂದೂರಿತ್ತು. ಆ ಊರಿನಲ್ಲಿ ಥೋರಾ ಎಂಬ ಹುಡುಗಿ ಇದ್ದಳು. ಸರೋವರದ ಬಿಳಿಮೀನಿಗೆ ಬಲೆ ಹೆಣೆಯುವುದು ಅವಳ ಕಸುಬು. ಹಿಮದ ಮೇಲೆ ಜಾರುತ್ತ ಆಡುವ ಹಾಕಿಯ ಗೋಲುಕಂಬಗಳಿಗೂ ಬಲೆ ಕಟ್ಟಬೇಕೆಂಬ ನಿಯಮ ಬಂದಾಗ ಊರು ಆ ಕೆಲಸವನ್ನೂ ಅವಳಿಗೇ ಒಪ್ಪಿಸಿತು.

ಬಲೆಯ ಹಿಂದೆ, ಹಿಮದ ಮೇಲೆ, ಗಿಬ್ಬಿ ಮಾವ ನಿಲ್ಲುತ್ತಿದ್ದರು. ಉದ್ದ ಕೋಟು, ಹೆಪ್ಪುಗಟ್ಟಿದ ಮೀಸೆ, ಕೈಯಲ್ಲೊಂದು ಬಿಳಿ ಕರವಸ್ತ್ರ. ಚೆಂಡಿನ ಬದಲಿಗಿದ್ದ ರಬ್ಬರ್ ಬಿಲ್ಲೆ ಕಂಬಗಳ ನಡುವೆ ಹಾದರೆ ಕರವಸ್ತ್ರ ಎತ್ತಬೇಕು, ಅಷ್ಟೇ. ಹೆತ್ತ ಮಗ ಹೊಡೆದ ಗೋಲನ್ನೇ "ಹೋಗಿಲ್ಲ" ಅಂದಿದ್ದ ಮನುಷ್ಯ. ಎದುರಾಳಿಗಳೂ ಅವರೇ ಇರಲಿ ಅನ್ನುತ್ತಿದ್ದರು.

ಆ ಚಳಿಗಾಲ ಬೆಳ್ಳಿಬಟ್ಟಲಿಗಾಗಿ ಪೂರ್ವದ ಪಟ್ಟಣದ ಸಂಬಳದ ಆಟಗಾರರು ರೈಲು ಹತ್ತಿ ಬಂದರು. ಎರಡು ಆಟ, ಎರಡರ ಗೋಲುಗಳನ್ನೂ ಕೂಡಿಸಿ, ಮುಂದಿದ್ದವರಿಗೆ ಬಟ್ಟಲು.

ಮೊದಲ ಆಟದ ಬೆಳಿಗ್ಗೆ ಗಿಬ್ಬಿ ಮಾವ ಕರೆದರು. "ಥೋರಾ, ಎಡಗಂಬದ ಹತ್ರ ಬಲೆ ಕಣ್ಣು ಹರಿದಿದೆ ನೋಡವ್ವ."

"ಆಟ ಶುರುವಾಗೋದ್ರೊಳಗೆ ಹಾಕ್ಕೊಡ್ತೀನಿ ಮಾವ."

"ಮಾತು ಕೊಟ್ಟಂಗೆ?"

"ಕೊಟ್ಟಂಗೇ!"

ಕೊಟ್ಟವಳು ನಿಲ್ದಾಣಕ್ಕೆ ಓಡಿದಳು. ಬಂದವರಲ್ಲಿ ಒಬ್ಬ ಅಡಿಮುಟ್ಟ ತುಪ್ಪಳದ ಕೋಟು ತೊಡುತ್ತಾನಂತೆ, ಗಾಳಿಗಿಂತ ಮುಂದೆ ಜಾರುತ್ತಾನಂತೆ. ರೈಲು ತಡವಾಯಿತು. ತುಪ್ಪಳದ ಕೋಟನ್ನು ಕಣ್ತುಂಬ ನೋಡಿ ಹಿಂತಿರುಗುವಷ್ಟರಲ್ಲಿ ಮೈದಾನ ತುಂಬಿತ್ತು. ಹಿಮದ ಪುಡಿ ಕಟ್ಟಿಕೊಂಡು ಬಲೆ ದೂರಕ್ಕೆ ಇಡಿಯಾಗಿಯೇ ಕಂಡಿತು. ಒಂದು ಕಣ್ಣು ತಾನೇ, ಅಂದುಕೊಂಡಳು.

ಊರು ಒಂದು ಗೋಲಿನಿಂದ ಹಿಂದಿತ್ತು. ಆಟ ಮುಗಿಯುವ ಹೊತ್ತಿಗೆ ಊರಿನ ಹುಡುಗನೊಬ್ಬ ಬೀಸಿ ಹೊಡೆದ. ಕರವಸ್ತ್ರ ಮೇಲೆದ್ದಿತು. ಜನ ಹುಚ್ಚೆದ್ದು ಕೂಗಿದರು. ಆದರೆ ಬಿಲ್ಲೆ ಬಿದ್ದಿದ್ದು ಬಲೆಯ ಹಿಂದೆ, ಹಲಗೆಗೋಡೆಯ ಬುಡದಲ್ಲಿ.

"ಬಲೇಲಿಲ್ಲದ ಗೋಲು ಎಲ್ಲಿಂದ ಬಂತು ಮುದುಕಪ್ಪಾ, ಕೋಟಿನ ಜೇಬಿಂದಾನಾ?" ಅಂದ ಎದುರಾಳಿ ನಾಯಕ. ರೆಫರಿ ಗೋಲನ್ನು ರದ್ದು ಮಾಡಿದ. ಊರು ಸೋತಿತು. ನಾಡಿದ್ದಿನ ಆಟಕ್ಕೆ ಈ ಮುದುಕ ನಿಂತರೆ ನಾವಿಲ್ಲ ಅಂದಿತು ಎದುರಾಳಿ ತಂಡ.

ಆ ಬೈಗುಳ ಹೇಗೋ ಸಹಿಸಬಹುದಿತ್ತು. ಊರಿನವರ ಹೊಗಳಿಕೆ ಅದಕ್ಕಿಂತ ಕೆಟ್ಟದಾಗಿತ್ತು.

"ಭಲೇ ಗಿಬ್ಬಿ ಮಾವ!" ಹೋಟೆಲಿನ ಫರ್ಗಸ್ ಬೆನ್ನು ತಟ್ಟಿದ. "ಜನ್ಮಕ್ಕೊಂದೇ ಸುಳ್ಳು, ಅದೂ ಊರಿಗೋಸ್ಕರ!"

"ನಾನು ಸುಳ್ಳು ಹೇಳ್ಲಿಲ್ಲ ಕಣೋ."

"ಹೌದೌದು, ನೀವೆಲ್ಲಿ ಹೇಳಿದ್ರಿ? ಕರವಸ್ತ್ರ ಹೇಳ್ತು!"

ಎಲ್ಲರೂ ನಕ್ಕರು. ಬಲೆಗಳನ್ನು ಒಣಗಿಸಲು ಹೆಗಲಿಗೇರಿಸಿಕೊಂಡಿದ್ದ ಥೋರಾ ಮಾತ್ರ ನಗಲಿಲ್ಲ.

ಮನೆಯಲ್ಲಿ, ಒಲೆಯ ಬಿಸಿಗೆ ಹಿಮ ಕರಗಿ, ಹರಿದ ಕಣ್ಣು ಅಂಗೈಯಗಲ ಬಾಯಿ ತೆರೆಯಿತು. ಥೋರಾ ಸೂಜಿಗೆ ದಾರ ಸುತ್ತಿದಳು. ನಾಲ್ಕು ಗಂಟು ಹಾಕಿದರೆ ಕೊಟ್ಟ ಮಾತೂ ತೀರುತ್ತದೆ, ತಪ್ಪೂ ಮುಚ್ಚಿಹೋಗುತ್ತದೆ. ಮುಚ್ಚಿದರೆ ಗಿಬ್ಬಿ ಮಾವನ ಸತ್ಯವೂ ಅದರೊಳಗೇ ಹೂತುಹೋಗುತ್ತದೆ. ಸೂಜಿ ಕೆಳಗಿಟ್ಟಳು. ಮತ್ತೆ ಎತ್ತಿಕೊಂಡಳು. ಮತ್ತೆ ಇಟ್ಟಳು.

ಮರುದಿನ ಅವರೇ ಬಾಗಿಲಿಗೆ ಬಂದರು.

"ನಾಳೆ ನಾನು ನಿಲ್ಲಲ್ಲ ಥೋರಾ. ಅವರು ಬೇಡ ಅಂದದ್ದು ಸರೀನೇ. ಒಳಗೆ ಹೋಗಿದ್ದು ಕಂಡೆ ಅನ್ಕೊಂಡೆ. ಕಣ್ಣು ಹಾಳಾಗಿರ್ಬೇಕು." ಆಮೇಲೆ ಕೇಳಿದರು: "ಬಲೆ ಸರಿ ಇತ್ತಲ್ವಾ? ನೀನು ಹಾಕಿದ್ಯಲ್ಲ?"

"ಹೂಂ," ಅಂದುಬಿಟ್ಟಳು ಥೋರಾ.

ಅವರು ತಲೆಯಾಡಿಸಿದರು. ಬರುವಾಗ ಸರಾಗವಾಗಿ ದಾಟಿದ್ದ ಅದೇ ಮೆಟ್ಟಿಲನ್ನು, ಹೋಗುವಾಗ ಕಂಬ ಹಿಡಿದು ಕಾಲಲ್ಲಿ ತಡಕಿ ಇಳಿದರು. ಕುರುಡರು ಇಳಿಯುವ ಹಾಗೆ. ಥೋರಾ ಹರಿದ ಬಲೆಯನ್ನು ಹೊಲಿಯದೆ ಹಾಗೆಯೇ ಮಡಿಸಿಟ್ಟಳು.

ಎರಡನೇ ಆಟಕ್ಕೆ ಮೈದಾನ ಕಿಕ್ಕಿರಿದಿತ್ತು. ಗಿಬ್ಬಿ ಮಾವ ಜನರ ನಡುವೆ, ಕಟಕಟೆಯ ಹಿಂದೆ ನಿಂತಿದ್ದರು. ಥೋರಾ ಬಲೆ ಹೊತ್ತು ಹಿಮಕ್ಕಿಳಿದಳು.

"ಬೇಗ ಕಟ್ಟಿ ಆಚೆ ನಡಿಯಮ್ಮ," ಅಂದ ರೆಫರಿ.

"ಆ ಬಿಲ್ಲೆ ಇಲ್ಲಿ ಕೊಡಿ ಸ್ವಾಮಿ."

ಬಲೆಯನ್ನು ಎತ್ತಿ ಹಿಡಿದು, ಹರಿದ ಜಾಗಕ್ಕೆ ಬಿಲ್ಲೆ ಬಿಟ್ಟಳು. ಅದು ಸಲೀಸಾಗಿ ನುಸುಳಿ ಟಕ್ಕೆಂದು ಹಿಮಕ್ಕೆ ಬಿತ್ತು.

"ಮೊನ್ನೆ ಗೋಲು ಹೋಗಿದ್ದು ಹಿಂಗೆ," ಅಂದಳು. "ಹಾಕ್ತೀನಿ ಅಂತ ಮಾತು ಕೊಟ್ಟು ರೈಲು ನೋಡೋಕೆ ಹೋದೆ. ಹಾಳಾಗಿದ್ದು ಮಾವನ ಕಣ್ಣಲ್ಲ, ನನ್ನ ಬಲೆ ಕಣ್ಣು."

"ನಿನ್ ಬಲೆ ಸುಡ! ನಮ್ ಬಟ್ಟಲು ತಿಂದ್ಯಲ್ಲೇ!" ಫರ್ಗಸ್ ಮೊದಲು ಕೂಗಿದ. ಆಮೇಲೆ ಎಲ್ಲರೂ. ಯಾರೋ ಎಸೆದ ಹಿಮದುಂಡೆ ಅವಳ ಕಿವಿಗೆ ಬಡಿಯಿತು.

"ಮೊನ್ನೆ ಲೆಕ್ಕ ಮೊನ್ನೆಗೇ ಮುಗೀತು," ಅಂದ ರೆಫರಿ. ಗೋಲು ಹಿಂದೆ ಬರಲಿಲ್ಲ. ಆದರೆ ಎದುರಾಳಿ ನಾಯಕ ಟೋಪಿ ತೆಗೆದು ಕಟಕಟೆಯತ್ತ ತಿರುಗಿದ. "ತಪ್ಪಾಯ್ತು ಹಿರಿಯರೇ. ಬನ್ನಿ, ನಿಮ್ಮ ಜಾಗಕ್ಕೆ."

ಗಿಬ್ಬಿ ಮಾವ ಬಂದರು. ನೆಟ್ಟಗೆ, ಯಾರ ಕೈಯನ್ನೂ ಹಿಡಿಯದೆ. ಥೋರಾಳ ಮುಂದೆ ನಿಂತರು.

"ನಿನ್ನೆ ಕೇಳ್ದಾಗಲೇ ಹೇಳ್ಬಾರ್ದಿತ್ತಾ?"

ಅವಳು ಜೇಬಿನಿಂದ ಸೂಜಿ-ದಾರ ತೆಗೆದಳು.

"ಹಾಕು ಮತ್ತೆ. ಜನ ಕಾಯ್ತಿದಾರೆ."

ಅವಳು ಮಂಡಿಯೂರಿದಳು. ಕೈಗವಸು ತೆಗೆದಳು, ಬೆರಳು ಮರಗಟ್ಟಿದ್ದವು. ಬೈಗುಳ ತಲೆಯ ಮೇಲೆ ಹಾರುತ್ತಲೇ ಇತ್ತು. ಒಂದೊಂದು ಗಂಟು ಬಿದ್ದಂತೆಯೂ ಮಾವ ಬಗ್ಗಿ, ಬೆರಳು ತೂರಿಸಿ ಎಳೆದು ನೋಡಿದರು. ಒಂದು ಸಡಿಲ ಅಂದರು. ಬಿಚ್ಚಿ ಮತ್ತೆ ಹಾಕಿದಳು. ಕೊನೆಯ ಗಂಟು ಬಿಗಿದು, ದಾರವನ್ನು ಹಲ್ಲಿನಿಂದ ಕಡಿದಳು.