ಸರ್ವೇ ಗೂಟದ ಹೋಳಿ

ಸಕ್ರಿಬಾಯಿ ಪಂಚಾಯ್ತಿ ಅಧ್ಯಕ್ಷೆಯಾಗಿ ಅರ್ಧ ವರ್ಷವಾಗಿದ್ದರೂ ಸಭೆಯಲ್ಲಿ ಅವಳ ದನಿ ಕೇಳಿದವರು ಯಾರೂ ಇರಲಿಲ್ಲ. ಅವಳು ಬಾಯಿ ತೆರೆಯುವುದಕ್ಕೂ ಉಪಾಧ್ಯಕ್ಷ ಸಂಗಮೇಶಗೌಡ "ಆತ್ರಿ, ಮುಂದಿನ ವಿಷಯ" ಅನ್ನುವುದಕ್ಕೂ ಸರಿಹೋಗುತ್ತಿತ್ತು. ಸಿಂದಗಿ ತಾಲ್ಲೂಕಿನ ಆ ಲಂಬಾಣಿ ತಾಂಡಾದಿಂದ ಅಧ್ಯಕ್ಷರ ಕುರ್ಚಿಗೆ ಏರಿದ ಮೊದಲ ಹೆಂಗಸು ಅವಳು. ಕುರ್ಚಿಯ ಆಸೆಗೆ ಏರಿದವಳಲ್ಲ. ತಾಂಡಾದ ಮುಂದಿನ ಬಯಲಲ್ಲಿ ಅಂಗಡಿ ಮಳಿಗೆ ಎಬ್ಬಿಸುತ್ತಾರೆಂಬ ಸುದ್ದಿ ಕೇಳಿ ಚುನಾವಣೆಗೆ ನಿಂತವಳು. ಆ ಬಯಲು ಹೋದರೆ ತಾಂಡಾದವರು ಹೋಳಿ ಕುಣಿಯುವುದೆಲ್ಲಿ? ಹಾಡು ಮರೆಯುತ್ತಿದ್ದ ಹುಡುಗಿಯರನ್ನು ಹಿಡಿದು ಕೂರಿಸಿ ಅವಳು ಕಲಿಸಿದ್ದೆಲ್ಲ ಮನೆಯೊಳಗಿನ ಗುನುಗಾಗಿ ಉಳಿಯುತ್ತಿತ್ತು.

ಗೌಡ ಕೆಟ್ಟವನಲ್ಲ, ಅವಸರದ ಮನುಷ್ಯ. ಹೋಳಿಯ ದಿನ ತಾಂಡಾದವರು ಹಬ್ಬದ ಗುಂಗಿನಲ್ಲಿರುತ್ತಾರೆ, ತಕರಾರು ತೆಗೆಯುವವರಿಲ್ಲ ಎಂದುಕೊಂಡು ಸರ್ವೇಯರ್ ಖಲೀಲನನ್ನು ರಜೆಯ ದಿನವೇ ಕರೆತಂದು ಮಳಿಗೆಗಳಿಗೆಂದು ಬಯಲಿನ ಮೂಲೆಗಳಿಗೆ ಗೂಟ ಹೊಡೆಸಿದ. ಹೊಡೆಸಿ, ಅವನನ್ನೂ ಕರೆದುಕೊಂಡು ಮೋರಟಗಿ ರಸ್ತೆಯ ಹೋಟೆಲ್ಲಿಗೆ ಚಹಾ ಕುಡಿಯಲು ಹೋದ. ಅಲ್ಲೇ ಅವನು ಎಡವಿದ್ದು.

ಹೋಳಿಯ ದಿನ ಬಯಲಲ್ಲಿ ಗೂಟ ಕಂಡರೆ ಲಂಬಾಣಿ ಹೆಂಗಸರು ಸುಮ್ಮನಿರುವುದುಂಟೇ? ಅದಕ್ಕೆ ಸಿಹಿ ತುಂಬಿದ ಪಾತ್ರೆ ಕಟ್ಟಿ, ಬಡಿಗೆ ಹಿಡಿದು ಕಾಯುವುದು ಆ ತಾಂಡಾದ ಪದ್ಧತಿ. ಗಂಡಸರು ಏಟು ತಿನ್ನುತ್ತಲೇ ನುಗ್ಗಿ ಗೂಟ ಕಿತ್ತು ಪಾತ್ರೆ ಗೆಲ್ಲಬೇಕು. ಗೆದ್ದವನು ಹೆಂಗಸರು ಕೇಳಿದ ಫಾಗ, ಅಂದರೆ ಹಬ್ಬದ ಕಾಣಿಕೆ, ಕೊಡಲೇಬೇಕು.

ಗೌಡ ಚಹಾ ಮುಗಿಸಿ ಬರುವಷ್ಟರಲ್ಲಿ ಗೂಟಗಳಿಗೆಲ್ಲ ಪಾತ್ರೆ ಕಟ್ಟಿಯಾಗಿತ್ತು. ಟೇಪು ಹಿಡಿದು ಹತ್ತಿರ ಹೋದ ಖಲೀಲನ ಬೆನ್ನಿಗೆ ಒಂದು ಬಿತ್ತು.

"ಅಧ್ಯಕ್ಷರ, ನಿಮ್ಮ ಮಂದಿಗೆ ಏನರ ಹೇಳ್ರಿ," ಎಂದ ಗೌಡ.

ಸಕ್ರಿಬಾಯಿ ಹಿಂಜರಿದಳು. ಅಧ್ಯಕ್ಷೆಯೇ ಸರ್ಕಾರಿ ಕೆಲಸಕ್ಕೆ ಅಡ್ಡ ಬಂದಳು ಅಂದರೆ ಗತಿಯೇನು? ಆದರೆ ನಗಾರಿಯ ಸದ್ದಿಗೆ ಕಾಲು ಅವಳ ಮಾತು ಕೇಳುತ್ತಿರಲಿಲ್ಲ. ಅತ್ತೆ ಗೋಮಲಿಬಾಯಿಯ ಕೈಯಿಂದ ಬಡಿಗೆ ಕಸಿದುಕೊಂಡಳು.

"ಹೇಳಾಕ ಏನೈತ್ರಿ ಗೌಡ್ರ. ಗೂಟ ನೀವ ನೆಟ್ಟೀರಿ. ಧೈರ್ಯ ಇದ್ರ ಬಂದು ಕೀಳ್ರಿ."

ಅಷ್ಟು ಜನರೆದುರು ಹಾಗೆ ಅನ್ನಿಸಿಕೊಂಡ ಮೇಲೆ ಗೌಡನ ಮೀಸೆ ಸುಮ್ಮನಿದ್ದೀತೇ? ಅಂಗಿಯ ತೋಳು ಮಡಚಿ ನುಗ್ಗಿದ, ಬಿದ್ದ, ಎದ್ದು ಮತ್ತೆ ನುಗ್ಗಿದ. ಸಕ್ರಿಬಾಯಿ ಒಂದೊಂದೇ ಸಭೆಯನ್ನು ನೆನೆದು ನೆನೆದು ಬಾರಿಸಿದಳು. ನಕ್ಕು ನಕ್ಕು ಅವಳ ಕಣ್ಣಲ್ಲಿ ನೀರು ಬಂತು. ಗೌಡನೂ ನಗುತ್ತಿದ್ದ, ಪಾಪ, ಮಣ್ಣಲ್ಲಿ ಹೊರಳಾಡಿ ಎಷ್ಟು ಕಾಲವಾಗಿತ್ತೋ. ಒಂದು ಗೂಟ ಕಿತ್ತ. ರುಚಿ ಹತ್ತಿ ಇನ್ನೊಂದಕ್ಕೆ ಓಡಿದ. ಉಳಿದವನ್ನು ತಾಂಡಾದ ಗಂಡಸರು ಕಿತ್ತರು. ಗೌಡ ಪಾತ್ರೆ ತಬ್ಬಿಕೊಂಡು ಬಾಯಿ ತುಂಬ ಶಿರಾ ತುರುಕಿಕೊಂಡಾಗ ಖಲೀಲ ಬೆನ್ನು ಉಜ್ಜಿಕೊಳ್ಳುತ್ತ ಹತ್ತಿರ ಬಂದ.

"ಸಾಹೇಬ್ರ, ನಾ ಹಾಕಿದ ಗುರ್ತು ನೀವ ಕಿತ್ತೊಗದ್ರಿ."

ಗೌಡ ಅಗಿಯುವುದನ್ನು ನಿಲ್ಲಿಸಿದ.

"ಇರ್ಲಿ ಬಿಡ್ರಿ, ಗೆದ್ದೀರಿ," ಎಂದಳು ಸಕ್ರಿಬಾಯಿ. "ಫಾಗ ಕೊಡ್ರಿ."

ಅವನು ಜೇಬಿಗೆ ಕೈ ಹಾಕಿದ.

"ರೊಕ್ಕ ಬ್ಯಾಡ್ರಿ. ಈ ಬಯಲು ತಾಂಡಾದ ಹಬ್ಬದ ಜಾಗಾ ಅಂತ ಬರೂ ಸಭಾದಾಗ ಠರಾವು ತರ್ತೇನಿ. ಮೊದ್ಲ ನಿಮ್ಮ ಕೈ ಏಳಬೇಕು."

ಇಡೀ ತಾಂಡಾ ನೋಡುತ್ತಿತ್ತು. ಗೆದ್ದವನು ಇಲ್ಲ ಅನ್ನುವಂತಿಲ್ಲ. ಗೌಡ ಕಷ್ಟಪಟ್ಟು ಶಿರಾ ನುಂಗಿ, ಅಲ್ಲೇ ಕೈ ಎತ್ತಿದ. "ಸಭಾದಾಗೂ ಎತ್ತತೇನ್ರಿ. ಆ ಬಡಿಗಿ ಅಷ್ಟ ಕೆಳಗ ಇಳಸ್ರಿ."

ಗೋಮಲಿಬಾಯಿ ಸೊಸೆಯ ಕೆನ್ನೆಗೆ ಬಣ್ಣ ಬಳಿದಳು. "ಮುಂದಿನ ಸಲ ಜಿಲ್ಲಾ ಪಂಚಾಯ್ತಿಗೆ ನಿಂದ್ರವ್ವಾ. ಅಲ್ಲಿ ಹೊಡತ ತಿನ್ನೂ ಮಂದಿ ಭಾಳ ಅದಾರ."

"ನಿಂದ್ರತೇನಿ ಅತ್ತಿ," ಎಂದಳು ಸಕ್ರಿಬಾಯಿ, ಇನ್ನೂ ಏದುಸಿರು ಬಿಡುತ್ತ.