ಎರಡನೇ ದಿನದ ಗಣಿತ ಪರೀಕ್ಷೆ

ಸೂಜಿ ನಿಂತಿತು, ಯಾಕೆ, ಓ, ಕಾಲೇ ನಿಂತದ್ದು, ಪೆಡಲಿನ ಮೇಲಿನ ಕಾಲಿಗೆ ಶಾಲೆಯ ಗಂಟೆ ಕಿವಿಗಿಂತ ಮೊದಲು ಕೇಳಿಸುತ್ತದೆ ಇವತ್ತು — ರಸ್ತೆಯಾಚೆ ಮೂರನೇ ಪೀರಿಯಡ್ಡು, ಗಣಿತದ ಪರೀಕ್ಷೆ ಶುರು, ಅಣ್ಣನ ಮಗಳು ಇನ್ನೂ ಒಳಗೇ ಇದ್ದಾಳೆ, ಅವಳಿಗಿಂದು ಮುಟ್ಟಿನ ಎರಡನೇ ದಿನ, ಹಾಳಾದ ಎರಡನೇ ದಿನ, ಹೋದ ತಿಂಗಳು ಇಷ್ಟು ಹೊತ್ತಿಗೆ ಈ ಹೊಲಿಗೆ ಅಂಗಡಿಯ ಬಾಗಿಲಿಗೆ ಬಂದು ನಿಂತಿದ್ದಳು, ಮುಖ ಇಷ್ಟೇ ಇಷ್ಟಾಗಿ, ಬ್ಯಾಗು ಸೊಂಟದಿಂದ ಕೆಳಗೆ ಇಳಿಬಿಟ್ಟುಕೊಂಡು, ಬೆನ್ನ ಹಿಂದೆ ಗೆಳತಿಯೊಬ್ಬಳ ಕಾವಲು, ಹಿಂದೆ ನೋಡೇ ಏನಾದ್ರೂ ಕಾಣ್ತಿದ್ಯಾ, ಇಲ್ಲ ಕಣೇ ನಡಿ — ಈ ಸಲವೂ ಪರೀಕ್ಷೆ ತಪ್ಪಿಸಿದ್ರೆ ಮುಂದಿನ ಕ್ಲಾಸಿಗೆ ಹಾಕಲ್ಲ ಅಂದಿದ್ದಾರಂತೆ ಗಣಿತದ ಮೇಷ್ಟ್ರು, ಅವರಿಗೇನು ಗೊತ್ತು, ಅಂಗಡಿಯ ಪ್ಯಾಡು ಕೊಳ್ಳುವ ಶಕ್ತಿ ಯಾವ ಮನೆಯಲ್ಲಿದೆ, ಹಳೇ ಬಟ್ಟೆಯೇ ಗತಿ, ಅದೋ ಕೂತರೆ ಸರಿಯುತ್ತದೆ, ನಿಂತರೆ ಜಾರುತ್ತದೆ, ತಿಂಗಳಿಗೆ ಮೂರು ದಿನ ಶಾಲೆಗೆ ಚಕ್ಕರ್.

ಒಗೆದು ಮತ್ತೆ ಬಳಸೋ ಪ್ಯಾಡು ಹೊಲಿದುಕೊಡ್ತೀರಾ, ಬಟ್ಟೆ ನಾನು ತರ್ತೀನಿ ಅಂತ ಶಾಲೆಯ ಹೆಡ್ ಮೇಡಮ್ಮು ಕೇಳಿದಾಗ ಅದೇನು ಮಹಾ ಅಂದುಬಿಟ್ಟಿದ್ದಳು ಅತ್ತೆ, ಮಹಾ!, ಹನ್ನೊಂದು ವರ್ಷ ರೇನ್‌ಕೋಟ್ ಹೊಲಿದ ಕೈ, ನೀರು ಹಿಡಿಯದ ಬಟ್ಟೆ ಮೇಲೆ, ಮೆತ್ತನೆಯದು ಒಳಗೆ, ಕೈ ತನ್ನ ಪಾಡಿಗೆ ತಾನು ಮೊದಲ ನಲವತ್ತನ್ನೂ ಹಾಗೇ ಹೊಲಿದು ಬಿಸಾಕಿತಲ್ಲ, ಅತ್ತೆ, ಇದು ಒಂದು ಹನೀನೂ ಹೀರಲ್ಲ, ನಾನೇನು ಮಳೇಲಿ ನೆನೆಯೋಕೆ ಹೋಗ್ತಿದ್ದೀನಾ, ಕಳ್ಳಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೇ ನಕ್ಕಿದ್ದು, ಅತ್ತೆಯೂ ನಕ್ಕಳು, ನಲವತ್ತನ್ನೂ ಬಿಚ್ಚುವಾಗ ಮಾತ್ರ ನಗು ಬರಲಿಲ್ಲ — ಬಿಡು, ನಡೆಯುವವರು ಎಡವದೆ ಕೂತವರು ಎಡವುತ್ತಾರೆಯೇ, ಈಗ ಹತ್ತಿ ಮೇಲೆ, ರೇನ್‌ಕೋಟಿನ ಬಟ್ಟೆ ಕೆಳಗೆ, ಚಡ್ಡಿಗೆ ಸುತ್ತಿಕೊಳ್ಳೋ ರೆಕ್ಕೆಗೆ ಟಿಚ್ ಬಟನ್ನು, ಒಗೆದು ಬಿಸಿಲಿಗೇ ಹಾಕ್ಬೇಕು, ಹಾಸಿಗೆ ಕೆಳಗೆ ಬಚ್ಚಿಟ್ರೆ ನೋಡು, ಬೆಳಿಗ್ಗೆ ತಾನೇ ಎಳೆದು ನೋಡಿ ಕಳಿಸಿದ್ದು, ಆ ಬಟನ್ನು ಕಚ್ಚಿದ್ದು ಕಚ್ಚಿದ ಹಾಗೇ ಇರಲಿ ದೇವರೇ.

ಗಂಟೆ — ಊಟದ ಬಿಡುವು, ಬರುವುದಿದ್ದರೆ ಈಗ ಬರಬೇಕು, ಹೋದ ತಿಂಗಳಂತೇ ಬ್ಯಾಗು ಕೆಳಗೆ, ಗೆಳತಿ ಹಿಂದೆ, ಬಾಗಿಲಲ್ಲಿ ಯಾರೋ, ಪೆಡಲು ಬಿಟ್ಟು ಎದ್ದಳು, ಥೂ, ಜಿಪ್ಪು ಹಾಕಿಸಲು ಬಂದ ಪಕ್ಕದ ಮನೆಯಾಕೆ, ನಾಳೆ ಬಾರಮ್ಮ — ನಾಲ್ಕನೇ ಪೀರಿಯಡ್ಡೂ ಹೋಯಿತು, ಐದನೇದೂ, ಹುಡುಗಿ ಬರಲಿಲ್ಲ, ಬರಲೇ ಇಲ್ಲ, ಬರದಿದ್ದಕ್ಕೆ ಇಷ್ಟು ಖುಷಿಪಟ್ಟವರು ಲೋಕದಲ್ಲಿ ಇದ್ದಾರೆಯೇ, ಬಾಬಿನ್ ತುಂಬಿಸಲು ಹೋಗಿ ನೆಲದ ತುಂಬ ದಾರ.

ಕೊನೆಯ ಗಂಟೆ, ರಸ್ತೆಯೆಲ್ಲ ಹುಡುಗಿಯರು, ಎಲ್ಲಿ ಇವಳು, ಅಗೋ, ಅತ್ತೇ, ಬರೆದೆ, ಅಷ್ಟೂ ಬರೆದೆ, ಬ್ಯಾಗು ಬಂದು ಕತ್ತರಿಸುವ ಮೇಜಿನ ಮೇಲೆ ದೊಪ್ಪೆಂದು ಬಿತ್ತು, ನಿಲ್ಲೇ, ನೀರಾದ್ರೂ ಕುಡಿ, ಆಟಕ್ಕೆ ಹೊತ್ತಾಯ್ತತ್ತೆ, ಓಡಿದಳು, ಮೈದಾನದ ಕಡೆ, ನಡುರಸ್ತೆಯಲ್ಲಿ, ಎಲ್ಲರಿಗಿಂತ ಮುಂದೆ, ಊರಿಗೆ ಊರೇ ಹಿಂದಿದೆ, ಒಮ್ಮೆಯೂ ತಿರುಗಿ ನೋಡಿಕೊಳ್ಳಲಿಲ್ಲ, ಲಂಗ ಹಾರುತ್ತಿದೆ, ನೆರಿಗೆ ನೆರಿಗೆಯಾಗಿ, ಆ ಲಂಗ, ಒಂದೇ ಒಂದು ಕಲೆಯಿಲ್ಲ —