ಸ್ವಇಚ್ಛೆಯಿಂದ

ದೋಣಿಯಲ್ಲಿ ಒಂದು ಮೀನೂ ಇರಲಿಲ್ಲ. ಆದರೂ ಯೂಲಾಲಿ ದಡದಲ್ಲಿ ನಿಂತು ಮೂರು ಸಲ ಶಂಖ ಊದಿದಳು. ಮಾರ್ಟಿನಿಕ್ ದ್ವೀಪದ ಆ ಕೊಲ್ಲಿಯಲ್ಲಿ ಶಂಖ ಊದಿದರೆ ಮೀನು ಬಂತೆಂದೇ ಅರ್ಥ. ಖಾಲಿ ದೋಣಿಗೆ ಊದುವುದು ಮೂರೂ ಬಿಟ್ಟವರ ಕೆಲಸ. ಪಾತ್ರೆ ಹಿಡಿದು ಓಡಿಬಂದ ಹೆಂಗಸರು ಬಾಯಿಗೆ ಬಂದಂತೆ ಬೈದರು. ಅವಳ ಗಂಡ ಸಿಲ್ವೇರನಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

"ಬೈದಾಯ್ತಾ? ಈಗ ಕೇಳಿ. ಈ ರೊಸಾನ್ ಒಂದು ಕಾಗದ ತಂದಿದಾನೆ. ಎಲ್ಲರ ಮುಂದೆ ಓದ್ಲಿ," ಎಂದಳು ಯೂಲಾಲಿ.

ರೊಸಾನ್ ಮೀನುಗಾರಿಕೆ ಕಚೇರಿಯವನು, ಇದೇ ಊರಲ್ಲಿ ಹುಟ್ಟಿ ಬೆಳೆದವನು. ಗುಡ್ಡದ ಬಾಳೆತೋಟಗಳಿಗೆ ಹುಳ ಸಾಯಲೆಂದು ಇಪ್ಪತ್ತು ವರ್ಷ ಸುರಿದ ಪುಡಿ ಹೊಳೆಗುಂಟ ಇಳಿದು ಕೊಲ್ಲಿಯ ಕೆಸರಲ್ಲಿ ಕೂತಿತ್ತು. ಹಾಳಾದ್ದು, ಕೊಳೆಯುವುದೂ ಇಲ್ಲ, ಹೋಗುವುದೂ ಇಲ್ಲ. ಸಿಗಡಿಯಿಂದ ಮೀನಿಗೆ, ಮೀನಿನಿಂದ ಮನುಷ್ಯರಿಗೆ ಹತ್ತಿ, ಈಗ ಸಿಲ್ವೇರನ ರಕ್ತದಲ್ಲೂ ಇತ್ತು. ಕೊಲ್ಲಿಯಲ್ಲಿ ಬಲೆ ಹಾಕಬಾರದೆಂದು ಕಚೇರಿ ಹೇಳಿದಾಗ ಯೂಲಾಲಿ ತಕರಾರು ಮಾಡಲಿಲ್ಲ. ವಿಷ ಮಾರಿ ಬದುಕುವ ಹೆಂಗಸಲ್ಲ ಅವಳು. ಅವಳ ಮೈ ಉರಿದದ್ದು ಪರಿಹಾರದ ಕಾಗದ ನೋಡಿ.

ರೊಸಾನ್ ಓದಿದ. "ಸಿಲ್ವೇರ್ ಎಂಬ ನಾನು ಸ್ವಇಚ್ಛೆಯಿಂದ ಮೀನುಗಾರಿಕೆಯನ್ನು ಬಿಡುತ್ತಿದ್ದೇನೆ." 'ಸ್ವಇಚ್ಛೆಯಿಂದ' ಎಂಬ ಪದವನ್ನು ಅವನು ಅರ್ಧ ನುಂಗಿದ್ದ.

ಗುಂಪಿನಲ್ಲಿ ರೊಸಾನನ ತಾಯಿ ಕ್ಲೆಮಾನ್ಸ್ ಇದ್ದಳು. ಇನ್ನೊಮ್ಮೆ ಓದಿಸಿದಳು. ಆಮೇಲೆ ಕೇಳಿದಳು, "ಯಾರ ಇಚ್ಛೆ, ಮಗನೇ?"

ಎಲ್ಲ ಕಾಗದವೂ ಹೀಗೇ ಅಚ್ಚಾಗಿವೆ, ಒಂದು ಪದಕ್ಕೆ ಇಷ್ಟು ರಂಪ ಬೇಡ, ಇವತ್ತೇ ಕಡೆಯ ದಿನ ಎಂದು ರೊಸಾನ್ ಗೋಗರೆದ. ಸಿಲ್ವೇರ್ ದಣಿದಿದ್ದ. ಸಹಿ ಹಾಕಿಬಿಡೋಣ, ಹೊಟ್ಟೆಪಾಡು ನೋಡಬೇಕಲ್ಲ ಎನ್ನುತ್ತ ಪೆನ್ನಿಗೆ ಕೈ ಚಾಚಿದ. ಯೂಲಾಲಿ ಅವನ ಕೈ ಹಿಡಿದಳು.

"ಉಪವಾಸ ಇರ್ತೀನಿ. ನೀನಾಗೇ ಸಮುದ್ರ ಬಿಟ್ಟೆ ಅಂತ ಮಾತ್ರ ಬರೆಸ್ಕೊಳ್ಳಲ್ಲ."

ಪೆನ್ನು ಕಸಿದುಕೊಂಡು, ಕಾಗದ ಹರಿಯುವ ಹಾಗೆ ಆ ಪದದ ಮೇಲೆ ಗೀಟು ಎಳೆದಳು. ಅದರ ತಲೆಯ ಮೇಲೆ ಬರೆದಳು: 'ನಮ್ಮ ನೀರಿಗೆ ವಿಷ ಹಾಕಿದ್ದರಿಂದ.' ಸಿಲ್ವೇರ್ ಅದನ್ನು ತುಟಿಯಲ್ಲೇ ಎರಡು ಸಲ ಓದಿ, ಕೆಳಗೆ ಸಹಿ ಹಾಕಿದ. ಈಗ ಅವನ ತಲೆ ಬಗ್ಗಿರಲಿಲ್ಲ.

"ಇದು ನಡೆಯಲ್ಲ ಅತ್ತೆ. ತಿದ್ದಿದ ಕಾಗದ ವಾಪಸ್ ಬರುತ್ತೆ," ಎಂದ ರೊಸಾನ್.

"ಬರ್ಲಿ. ಮತ್ತೆ ಗೀಟು ಹಾಕ್ತೀನಿ."

"ತಿದ್ದಿದ ಕಡೆ ಸಹಿ ಇರ್ಬೇಕು ಅಂತೀರಲ್ಲ ನೀವು? ನಾವು ಹಾಕ್ತೀವಿ ಬಿಡು," ಎಂದಳು ಕ್ಲೆಮಾನ್ಸ್.

ಆಗ ಬೈದಿದ್ದ ಹೆಂಗಸರೆಲ್ಲ ಪಾತ್ರೆ ಕೆಳಗಿಟ್ಟು ಸಾಲು ನಿಂತರು. ಒಬ್ಬರಿಗೆಂದು ಮಾಡಿದ ಕಾಗದದ ಅಂಚಿನಲ್ಲಿ ಮೂವತ್ತು ಹೆಸರು ತುಂಬಿದವು. ಕಡೆಯವಳು ಕ್ಲೆಮಾನ್ಸ್. ಅವಳದು ನಿಧಾನ, ಒಂದೊಂದೇ ಅಕ್ಷರ. ಗಾಳಿಗೆ ಕಾಗದ ಪಟಪಟ ಏಳುತ್ತಿತ್ತು. ರೊಸಾನ್ ಬಗ್ಗಿ, ತಾಯಿ ಬರೆದು ಮುಗಿಸುವ ತನಕ ಅದರ ಮೂಲೆಯನ್ನು ಅಂಗೈಯಿಂದ ಒತ್ತಿ ಹಿಡಿದ.